ವಿಮಾನದ ಅಲ್ಯೂಮಿನಿಯಂ, ಎಬೆಕ್ 9, ದೊಡ್ಡ ಚಕ್ರ: ಹಾಕಿ ಸ್ಕೇಟ್‌ನ ಚಾಸಿ ಬದಲಿಸುವ ಮುನ್ನ ಇದನ್ನು ಓದಿ

“ಮಕ್ಕಳ ಇನ್‌ಲೈನ್ ಹಾಕಿ ಸ್ಕೇಟ್‌ಗೆ ಹೊಸ ಚಾಸಿ ಹಾಕಿಸುತ್ತೀರಾ? ವಿಮಾನಕ್ಕೆ ಬಳಸುವ ಅಲ್ಯೂಮಿನಿಯಂನದ್ದೇ ತೆಗೆದುಕೊಳ್ಳಿ. ಎಬೆಕ್ 9 ಬೇರಿಂಗ್ ಇರಲಿ. ಚಕ್ರ ದೊಡ್ಡದಾದಷ್ಟೂ ವೇಗ ಜಾಸ್ತಿ. ಯಾವ ಚಾಸಿಯಾದರೂ ಯಾವ ಬೂಟಿಗಾದರೂ ಕೂರುತ್ತದೆ. ಎಲ್ಲ ಪೋಷಕರಿಗೂ ಕಳಿಸಿ.”

ಇಂದಿರಾನಗರದಿಂದ ಕೆ.ಆರ್.ಪುರದವರೆಗೆ ಅಪಾರ್ಟ್‌ಮೆಂಟ್‌ಗಳ ವಾಟ್ಸಾಪ್ ಗುಂಪುಗಳಲ್ಲಿ ಇಂಥ ಸಲಹೆಗಳಿಗೆ ಬರವಿಲ್ಲ. ಈ ನಾಲ್ಕು ಮಾತುಗಳಲ್ಲಿ ಪೂರ್ತಿ ಸುಳ್ಳು ಒಂದೇ, ಕೊನೆಯದು. ಉಳಿದ ಮೂರೂ ಅರ್ಧ ಸತ್ಯಗಳು. ನಮ್ಮ ಅನುಭವದಲ್ಲಿ ಜನರ ದುಡ್ಡು ಹೆಚ್ಚಾಗಿ ಹೋಗುವುದು ಅರ್ಧ ಸತ್ಯಗಳಿಗೇ.

ಚಾಸಿ ಎಂದರೆ ಬೂಟಿನ ಅಡಿಗೂ ಚಕ್ರಗಳಿಗೂ ನಡುವೆ ಇರುವ ಉದ್ದನೆಯ ಲೋಹದ ಅಥವಾ ಪ್ಲಾಸ್ಟಿಕ್ ಚೌಕಟ್ಟು. ಕೆಲವರು ಫ್ರೇಮ್ ಎನ್ನುತ್ತಾರೆ. ಆಟಗಾರ ಓಡಿ, ಗಕ್ಕನೆ ನಿಂತು, ಪಕ್ಕಕ್ಕೆ ತಿರುಗುವಾಗ ಮೈಭಾರವೆಲ್ಲ ಇದರ ಮೂಲಕವೇ ನೆಲಕ್ಕೆ ಇಳಿಯುತ್ತದೆ. ಹಲಸೂರು ಕೆರೆ ಪಕ್ಕದ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಂಥ ಹಾಕಿ ಪರಂಪರೆ ಇರುವ ದಂಡು ಪ್ರದೇಶದಲ್ಲಿ ಕೋಲು ಆರಿಸಲು ತಿಳಿದವರು ಬೇಕಾದಷ್ಟು ಜನ ಸಿಗುತ್ತಾರೆ. ಚಾಸಿ ಆರಿಸಲು ತಿಳಿದವರು ಅಪರೂಪ.

ಯಾವ ಚಾಸಿಯಾದರೂ ಕೂರುತ್ತದೆಯೇ?

ಇಲ್ಲ. ಸ್ಪೀಡ್ ಸ್ಕೇಟ್‌ಗಳಲ್ಲಿ ಚಾಸಿಯನ್ನು ಎರಡು ಬೋಲ್ಟ್‌ಗಳಿಂದ ಬಿಗಿಯುತ್ತಾರೆ. ಆ ಎರಡರ ನಡುವಿನ ಅಂತರ ಸಾಮಾನ್ಯವಾಗಿ 165 ಅಥವಾ 195 ಮಿ.ಮೀ. ಹೀಗೆ ಅಳತೆ ಗೊತ್ತಿರುವುದರಿಂದ ಒಂದು ಕಂಪನಿಯ ಚಾಸಿ ಇನ್ನೊಂದರ ಬೂಟಿಗೆ ಕೂರುವುದುಂಟು. ಹಾಕಿ ಸ್ಕೇಟ್‌ನಲ್ಲಿ ಆ ಅನುಕೂಲವಿಲ್ಲ. ಅಲ್ಲಿ ಚಾಸಿಯನ್ನು ಬೂಟಿನ ಅಡಿಗೆ ಹಲವು ರಿವೆಟ್‌ಗಳಿಂದ ಹೊಡೆದು ಕೂರಿಸಿರುತ್ತಾರೆ, ತೂತುಗಳ ಜಾಗ ಕಂಪನಿಯಿಂದ ಕಂಪನಿಗೆ ಬೇರೆ.

ಹಾಗಾಗಿ ಬದಲಿಸಬೇಕೆಂದರೆ ಹಳೆಯ ರಿವೆಟ್‌ಗಳನ್ನು ಡ್ರಿಲ್ ಮಾಡಿ ತೆಗೆದು, ಹೊಸ ತೂತು ಕೊರೆದು, ಮತ್ತೆ ರಿವೆಟ್ ಹೊಡೆಯಬೇಕು. ಹೊಸ ತೂತು ಹಳೆಯದರ ತೀರಾ ಹತ್ತಿರ ಬಿದ್ದರೆ ಎರಡೂ ಒಂದಾಗಿ ಹಿಗ್ಗುತ್ತವೆ, ರಿವೆಟ್‌ಗೆ ಹಿಡಿತ ಸಿಗುವುದಿಲ್ಲ. ಶಿವಾಜಿನಗರದ ಗುಜರಿ ಕಡೆ ಕೇಳಿದರೆ ರಿವೆಟ್ ಹೊಡೆದುಕೊಡುವವರು ಸಿಕ್ಕಾರು. ಆದರೆ ರಿವೆಟ್ ಗಟ್ಟಿಯಾಗಿ ಕೂರುವುದು ಒಂದು ಕೆಲಸ, ಚಾಸಿ ನೇರವಾಗಿ ಕೂರುವುದು ಇನ್ನೊಂದು. ಹಿಮ್ಮಡಿಯ ನಡುವಿನಿಂದ ಮುಂಗಾಲಿನ ನಡುವಿಗೆ ಗೆರೆ ಎಳೆದು, ಆ ಗೆರೆಯ ಮೇಲೆ ಚಕ್ರಗಳ ಸಾಲು ಬರುವಂತೆ ಗುರುತು ಮಾಡದೆ ಕೊರೆದರೆ, ಮಗು ಪ್ರತಿ ಹೆಜ್ಜೆಯಲ್ಲೂ ಕಣಕಾಲನ್ನು ಪಕ್ಕಕ್ಕೆ ಎಳೆದು ಸರಿಮಾಡಿಕೊಳ್ಳಬೇಕಾಗುತ್ತದೆ. ಕೆಲವೇ ಮಿಲಿಮೀಟರ್ ತಪ್ಪಿದರೂ ಗಂಟೆಗಟ್ಟಲೆ ಆಡುವ ಕಾಲಿಗೆ ಅದು ಗೊತ್ತಾಗುತ್ತದೆ. ಬೂಟಿನ ಕಂಪನಿಯದ್ದೇ, ಅದೇ ಸೈಜಿನ ಚಾಸಿ ಸಿಕ್ಕರೆ ಹಳೆಯ ತೂತುಗಳೇ ಹೊಂದುವ ಸಾಧ್ಯತೆ ಹೆಚ್ಚು. ಮೊದಲು ಅದನ್ನೇ ಹುಡುಕಿ ಎನ್ನುವುದು ನಮ್ಮ ಸಲಹೆ.

ದೊಡ್ಡ ಚಕ್ರ ಹಾಕಿದರೆ ಏನಾಗುತ್ತದೆ?

ದೊಡ್ಡ ಚಕ್ರ ಒಮ್ಮೆ ವೇಗ ಹಿಡಿದರೆ ಚೆನ್ನಾಗಿ ಓಡುತ್ತದೆ, ಬೇಸ್‌ಮೆಂಟ್ ಕಾಂಕ್ರೀಟಿನ ಬಿರುಕುಗಳನ್ನು ಸಲೀಸಾಗಿ ದಾಟುತ್ತದೆ. ಇಷ್ಟು ನಿಜ. ಆದರೆ ಹಾಕಿಯಲ್ಲಿ ನೇರ ಓಟ ಕಡಿಮೆ. ನಿಲ್ಲುವುದು, ತಿರುಗುವುದು, ಮತ್ತೆ ಹೊರಡುವುದೇ ಹೆಚ್ಚು. ಅದಕ್ಕೆ ಹಗುರವಾದ, ನೆಲಕ್ಕೆ ಹತ್ತಿರವಿರುವ, ಗಿಡ್ಡ ಚಾಸಿಯೇ ಮೇಲು. 80 ಮಿ.ಮೀ. ಚಕ್ರದ ಜಾಗಕ್ಕೆ 110 ಮಿ.ಮೀ. ಚಕ್ರದ ಸ್ಪೀಡ್ ಚಾಸಿ ಹಾಕಿದರೆ ಆಕ್ಸಲ್ಲೇ 15 ಮಿ.ಮೀ. ಮೇಲೇಳುತ್ತದೆ. ಕಾಲು ಎತ್ತರಕ್ಕೆ ಹೋದಷ್ಟೂ ಪಕ್ಕಕ್ಕೆ ವಾಲುವಾಗ ಕಣಕಾಲಿನ ಮೇಲೆ ಒತ್ತಡ ಹೆಚ್ಚು.

ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮ. ಹಾಕಿ ಚಾಸಿಗಳಲ್ಲಿ ಬಹಳಷ್ಟು ‘ಹೈ-ಲೋ’ ಮಾದರಿಯವು. ಮುಂದಿನ ಎರಡು ಚಕ್ರ ಚಿಕ್ಕವು, ಹಿಂದಿನ ಎರಡು ದೊಡ್ಡವು. ಮುಂದೆ 76, ಹಿಂದೆ 80 ಇರಬಹುದು. 72 ಮತ್ತು 80 ಕೂಡ ಉಂಟು. ಅಳತೆ ಬೇರೆಯಾದರೂ ನಾಲ್ಕೂ ನೆಲ ಮುಟ್ಟಬೇಕಲ್ಲ, ಅದಕ್ಕಾಗಿ ಮುಂದಿನ ಆಕ್ಸಲ್ ತೂತುಗಳನ್ನು ತುಸು ಕೆಳಗೆ ಕೊರೆದಿರುತ್ತಾರೆ. 72-80 ಚಾಸಿಯಲ್ಲಿ ಈ ವ್ಯತ್ಯಾಸ 4 ಮಿ.ಮೀ.

ಈಗ “ದೊಡ್ಡದೇ ವೇಗ” ಎಂದು ನಾಲ್ಕೂ ಕಡೆ 80ರ ಚಕ್ರ ಹಾಕಿದಿರಿ ಎನ್ನೋಣ. ಜಾಗ ಸಾಲದೆ ಚಕ್ರಗಳು ಒಂದಕ್ಕೊಂದು ಅಥವಾ ಬೂಟಿನ ಅಡಿಗೆ ಉಜ್ಜಬಹುದು. ಹೇಗೋ ಕೂತವು ಎಂದುಕೊಂಡರೂ ಮುಂದಿನ ಎರಡು ಚಕ್ರಗಳ ತಳ ಹಿಂದಿನವುಗಳ ತಳಕ್ಕಿಂತ 4 ಮಿ.ಮೀ. ಕೆಳಗೆ ಬಂತು. ಸಮತಟ್ಟಾದ ನೆಲದ ಮೇಲೆ ಅಂಥ ಸ್ಕೇಟ್ ಇಟ್ಟರೆ ಅದು ನಾಲ್ಕು ಚಕ್ರಗಳ ಮೇಲೆ ನಿಲ್ಲುವುದೇ ಇಲ್ಲ. ಹಿಂದಕ್ಕೆ ವಾಲಿ ಎರಡನೆಯ ಮತ್ತು ನಾಲ್ಕನೆಯ ಚಕ್ರದ ಮೇಲೆ ಕೂರುತ್ತದೆ. ಮೊದಲನೆಯದೂ ಮೂರನೆಯದೂ ಗಾಳಿಯಲ್ಲಿ! ನಾಲ್ಕೂ ಕಡೆ 72 ಹಾಕಿದರೂ ಇದೇ ಕಥೆ, ಏಕೆಂದರೆ ಎಡವಟ್ಟಾಗಿರುವುದು ಚಕ್ರದಲ್ಲಲ್ಲ, ತೂತಿನ ಎತ್ತರಕ್ಕೂ ಚಕ್ರಕ್ಕೂ ಹೊಂದಿಕೆ ತಪ್ಪಿದ್ದರಲ್ಲಿ. ಮುಂದಕ್ಕೆ ಬಾಗಿ ಆಡಬೇಕಾದ ಮಗು ಹಿಮ್ಮಡಿಯ ಮೇಲೆ ಭಾರ ಹಾಕಿ ಆಡುತ್ತದೆ, ಹಿಂದಕ್ಕೆ ಬೀಳುತ್ತದೆ. ಆಗ “ಅವನಿಗೆ ಬ್ಯಾಲೆನ್ಸೇ ಬರಲಿಲ್ಲ” ಎಂಬ ಮಾತು ಬೇರೆ.

ವಿಮಾನದ ಅಲ್ಯೂಮಿನಿಯಂ

ಇಂದಿರಾನಗರದ ಪಕ್ಕದಲ್ಲೇ 1940ರಿಂದ ಎಚ್‌ಎಎಲ್ ಇದೆ. ವಿಮಾನಪುರ ಎಂಬ ಹೆಸರಿನ ಬಡಾವಣೆಯೇ ಇರುವ ಈ ಕಡೆಯ ಜನರಿಗೆ ‘ವಿಮಾನದ ಅಲ್ಯೂಮಿನಿಯಂ’ ಎಂದರೆ ಸಹಜವಾಗಿಯೇ ಗೌರವ. ಆದರೆ ಆ ಹೆಸರಿನ ಒಂದೇ ಒಂದು ಲೋಹವಿಲ್ಲ. 6061 ಎಂಬ ಮಿಶ್ರಲೋಹವೂ ವಿಮಾನಗಳಲ್ಲಿ ಇರುತ್ತದೆ, 7075 ಕೂಡ. ಮೊದಲನೆಯದರಲ್ಲಿ ಮೆಗ್ನೀಸಿಯಂ ಮತ್ತು ಸಿಲಿಕಾನ್ ಬೆರೆತಿದ್ದರೆ, ಎರಡನೆಯದರಲ್ಲಿ ಮುಖ್ಯವಾಗಿ ಸತು. ಹಾಗಾಗಿ ಡಬ್ಬಿಯ ಮೇಲೆ ಬರೀ ‘ವಿಮಾನ ದರ್ಜೆ’ ಎಂದಿದ್ದರೆ ಅದು ಏನನ್ನೂ ಹೇಳಿದಂತಾಗಲಿಲ್ಲ. ನಂಬರ್ ಕೇಳಿ.

ನಂಬರ್ ಗೊತ್ತಾದ ಮೇಲೂ ಒಂದು ಮಾತಿದೆ. 7075 ಹೆಚ್ಚು ಬಲಶಾಲಿ, ನಿಜ. 6061 ಶಾಶ್ವತವಾಗಿ ಬಾಗುವಷ್ಟು ಬಲಕ್ಕೂ ಇದು ಬಗ್ಗುವುದಿಲ್ಲ. ಗಟ್ಟಿಗೊಳಿಸಿದ ಸ್ಥಿತಿಯಲ್ಲಿ ಇದರ ತಾಳಿಕೆ ಸುಮಾರು ಒಂದೂಮುಕ್ಕಾಲು ಪಟ್ಟು. ಆದರೆ ಬಿಗಿತ ಬೇರೆ, ಬಲ ಬೇರೆ. ಕಾಲೂರಿ ತಳ್ಳಿದಾಗ ಚಾಸಿ ಎಷ್ಟು ಬಳುಕಿ ಮತ್ತೆ ಮೊದಲಿನಂತಾಗುತ್ತದೆ ಎಂಬುದರಲ್ಲಿ ಈ ಎರಡರ ನಡುವೆ ಹೆಚ್ಚು ಕಡಿಮೆ ವ್ಯತ್ಯಾಸವೇ ಇಲ್ಲ. ಅದನ್ನು ನಿರ್ಧರಿಸುವುದು ಗೋಡೆಯ ದಪ್ಪ ಮತ್ತು ಆಕಾರ. ತೆಳ್ಳಗೆ ಕೊರೆದ 7075 ಚಾಸಿಗಿಂತ ದಪ್ಪಗಿರುವ 6061 ಚಾಸಿ ಹೆಚ್ಚು ಬಿಗಿಯಾಗಿರಬಹುದು. ಇನ್ನು 25 ಕೆ.ಜಿ. ತೂಗುವ ಮಗುವಿಗೆ ಈ ಚರ್ಚೆಯೇ ದಂಡ. ಚೆನ್ನಾಗಿ ಮಾಡಿದ ಪ್ಲಾಸ್ಟಿಕ್ ಚಾಸಿಯೇ ಸಾಕು, ಒರಟು ನೆಲದಲ್ಲಿ ನಡುಕವೂ ಕಡಿಮೆ.

ಎಬೆಕ್ ನಂಬರ್

ಎಬೆಕ್ ಎಂಬುದು ಬೇರಿಂಗ್‌ನ ಅಳತೆಗಳು ಎಷ್ಟು ಕರಾರುವಾಕ್ಕಾಗಿವೆ ಎಂದು ಹೇಳುವ ಅಮೆರಿಕದ ಮಾನದಂಡ. 1, 3, 5, 7, 9 ಹೀಗೆ ಏರುತ್ತದೆ. ಉಕ್ಕು ಹೇಗಿದೆ, ಒಳಗಿನ ಗ್ರೀಸ್ ಯಾವುದು, ಧೂಳು ತಡೆಯುವ ಮುಚ್ಚಳ ಇದೆಯೇ ಎಂಬುದನ್ನು ಅದು ಹೇಳುವುದಿಲ್ಲ. ಗಂಟೆಗೆ 20 ಕಿ.ಮೀ. ವೇಗದಲ್ಲಿ 80 ಮಿ.ಮೀ. ಚಕ್ರ ನಿಮಿಷಕ್ಕೆ ಸುಮಾರು 1,300 ಸುತ್ತು ಸುತ್ತುತ್ತದೆ. ಸ್ಕೇಟ್‌ನಲ್ಲಿ ಸಾಮಾನ್ಯವಾಗಿರುವ 608 ಬೇರಿಂಗ್ (2017ರಲ್ಲಿ ಮಕ್ಕಳೆಲ್ಲ ಬೆರಳಲ್ಲಿ ತಿರುಗಿಸುತ್ತಿದ್ದ ಸ್ಪಿನ್ನರ್‌ಗಳಲ್ಲೂ ಹೆಚ್ಚಾಗಿ ಇದ್ದದ್ದು ಇದೇ) ಹತ್ತಾರು ಸಾವಿರ ಸುತ್ತುಗಳನ್ನು ತಾಳುತ್ತದೆ. ನಮ್ಮ ಊರಿನ ಧೂಳಿಗೆ 9 ಆದರೇನು, 5 ಆದರೇನು, ತೆಗೆದು ಒರೆಸದಿದ್ದರೆ ಎರಡೂ ಕಿರುಗುಟ್ಟುತ್ತವೆ.

ನಿಜಕ್ಕೂ ಬದಲಿಸಬೇಕೇ?

ಪೋಷಕರು ಚಾಸಿ ಬದಲಿಸಲು ಹೊರಡುವುದಕ್ಕೆ ಒಂದು ಸಾಮಾನ್ಯ ಕಾರಣ, ಮಗುವಿನ ಕಣಕಾಲು ಒಳಕ್ಕೆ ವಾಲುತ್ತದೆ ಎಂಬುದು. ಬಹಳ ಸಲ ತಪ್ಪು ಚಾಸಿಯದ್ದಲ್ಲ. “ಮುಂದಿನ ವರ್ಷಕ್ಕೂ ಬರಲಿ” ಎಂದು ಕೊಂಡ ಎರಡು ಸೈಜ್ ದೊಡ್ಡ ಬೂಟು, ಸಡಿಲ ಲೇಸು, ಅಥವಾ ಒಂದೇ ಬದಿ ಸವೆದ ಚಕ್ರ. ಹಿಮ್ಮಡಿಯನ್ನು ಬೂಟಿನ ಹಿಂಬದಿಗೆ ಒತ್ತಿ ಕೂರಿಸಿ, ಲೇಸು ಬಿಗಿದು, ಸವೆದ ಚಕ್ರಗಳನ್ನು ತಿರುವಿ ಹಾಕಿ ಮತ್ತೆ ನಿಲ್ಲಿಸಿ ನೋಡಿ. ಆಮೇಲೂ ವಾಲಿದರೆ ಚಾಸಿಯನ್ನು ತುಸು ಒಳಬದಿಗೆ ಸರಿಸಬೇಕಾಗಬಹುದು. ಆಗಲೂ ಹೊಸದು ಬೇಕೆಂದೇನಿಲ್ಲ. ಆಕ್ಸಲ್ ತೂತಿನ ಸುತ್ತ ಬಿರುಕು ಬಿಟ್ಟಿದ್ದರೆ, ತೂತು ಹಿಗ್ಗಿ ಚಕ್ರ ಅಲ್ಲಾಡುತ್ತಿದ್ದರೆ, ಚಾಸಿಯೇ ಬಾಗಿದ್ದರೆ ಮಾತ್ರ ಎರಡನೇ ಯೋಚನೆ ಬೇಡ, ಬದಲಿಸಿ.

ಅಂಗಡಿಗೆ ಹೋಗುವಾಗ ಬೂಟನ್ನೇ ಕೈಯಲ್ಲಿ ಹಿಡಿದು ಹೋಗಿ, ಫೋಟೋ ಸಾಲದು. ಹಳೆಯ ಚಾಸಿಯ ಮೊದಲ ಆಕ್ಸಲ್‌ನಿಂದ ಕೊನೆಯ ಆಕ್ಸಲ್‌ವರೆಗಿನ ಉದ್ದ, ಮುಂದಿನ ಮತ್ತು ಹಿಂದಿನ ಚಕ್ರಗಳ ಅಳತೆ, ಇಷ್ಟನ್ನು ಬರೆದುಕೊಳ್ಳಿ. ಸವೆದ ಚಕ್ರವನ್ನು ಅಳೆದರೆ ತಪ್ಪು ಲೆಕ್ಕ ಬರುತ್ತದೆ, ಅದರ ಮೈಮೇಲೆ ಅಚ್ಚಾಗಿರುವ ಅಂಕಿಯನ್ನೇ ನೋಡಿ. ಹೊಸ ಚಾಸಿಗೆ ಚಕ್ರ ಹಾಕಿಸಿ, ಅಂಗಡಿಯ ಗಾಜಿನ ಮೇಜಿನ ಮೇಲೆ ನಿಲ್ಲಿಸಿ, ಪ್ರತಿ ಚಕ್ರದ ಅಡಿಗೂ ಒಂದು ಕಾಗದದ ಚೂರು ತೂರಿಸಿ ನೋಡಿ. ನಾಲ್ಕರಲ್ಲಿ ಯಾವುದರ ಅಡಿಯಲ್ಲಾದರೂ ಕಾಗದ ಸಲೀಸಾಗಿ ಆಚೆ ಬಂದರೆ, ರಿವೆಟ್ ಹೊಡೆಸುವ ಮೊದಲೇ ವಾಪಸು ಕೊಡಿ.