ಅಂಗ ತಿರುಚುವ ವ್ಯಾಧಿಯೂ ನಮ್ಮ ಕರ್ತವ್ಯವೂ

ಕತ್ತು ತನ್ನಿಂದ ತಾನೇ ಒಂದು ಮಗ್ಗುಲಿಗೆ ಹೊರಳಿ ನಿಂತಾಗ, ನಡೆಯುತ್ತಿರುವಂತೆ ಪಾದ ಒಳಮುಖವಾಗಿ ತಿರುಚಿಕೊಂಡಾಗ, ಲೇಖನಿ ಹಿಡಿದೊಡನೆ ಬೆರಳುಗಳು ಸೆಟೆದು ಅಕ್ಷರ ಮೂಡದಾದಾಗ, ಅಬ್ಬಿಗೇರಿಯೇ ಮೊದಲಾದ ನಮ್ಮ ಎರೆಸೀಮೆಯ ಊರುಗಳಲ್ಲಿ ಮೊದಲು ಕೇಳಿಬರುವುದು ‘ಗಾಳಿ ಬಡದೈತಿ’ ಎಂಬ ಮಾತು, ಅನಂತರ ‘ಲಕ್ವಾ ಹೊಡದೈತಿ’ ಎಂಬ ಮಾತು. ತಾಯತ ಕಟ್ಟಿಸಿ, ಎಣ್ಣೆ ತಿಕ್ಕಿಸಿ, ಇವೆರಡೂ ಹುಸಿಯೆಂದು ತೋರಿದ ಮೇಲೆ ಉಳಿಯುವ ಮೂರನೆಯ ಮಾತು, ಅವನು ಬೇಕಂತಲೇ ಹಾಗೆ ಮಾಡುತ್ತಾನೆಂಬ ಆಪಾದನೆ, ರೋಗಕ್ಕಿಂತಲೂ ಹೆಚ್ಚು ನೋಯಿಸತಕ್ಕದ್ದು. ಈ ವ್ಯಾಧಿಗೆ ಡಿಸ್ಟೋನಿಯಾ ಎಂದು 1911ರಲ್ಲಿ ಹೆಸರಿಟ್ಟವರು ಜರ್ಮನಿಯ ನರವೈದ್ಯ ಹರ್ಮನ್ ಓಪನ್‌ಹೈಮ್. ಅದಾದ ಮೇಲೂ ದಶಕಗಳವರೆಗೆ ಇದನ್ನು ಮನೋವಿಕಾರವೆಂದೇ ಬಗೆದವರು ವೈದ್ಯರಲ್ಲಿಯೂ ಇದ್ದುದರಿಂದ, ತಪ್ಪನ್ನೆಲ್ಲ ಹಳ್ಳಿಯವರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಒಂದು ಬೆರಳನ್ನು ಮಡಚಬೇಕಾದರೆ ಮಡಚುವ ಸ್ನಾಯುವಿಗೆ ಆಜ್ಞೆ ಹೋದರಷ್ಟೇ ಸಾಲದು. ಅದನ್ನು ಬಿಚ್ಚುವ ಸ್ನಾಯು ಸಡಿಲಬೇಕು, ನೆರೆಯ ಬೆರಳುಗಳು ಸುಮ್ಮನಿರಬೇಕು. ಕುಂಟೆ ಹೊಡೆಯುವಾಗ ಬದುವಿನಲ್ಲಿ ತಿರುಗಬೇಕಾದ ಹೊತ್ತಿಗೆ ಒಳಗಡೆಯ ಎತ್ತನ್ನು ತಡೆಹಿಡಿಯದೆ ಎರಡನ್ನೂ ಎಳೆಯಬಿಟ್ಟರೆ ಏನಾದೀತೋ, ನಿಗ್ರಹ ತಪ್ಪಿದ ದೇಹದಲ್ಲಿ ಆಗುವುದೂ ಅದೇ. ಈ ನಿಗ್ರಹವನ್ನು ನಡೆಯಿಸತಕ್ಕದ್ದು ಮಿದುಳಿನ ಆಳದಲ್ಲಿರುವ ನರಕೋಶಗಳ ಗುಚ್ಛಗಳು, ಥ್ಯಾಲಮಸ್, ಹಿಂಬದಿಯ ಕಿರುಮಿದುಳು ಮತ್ತು ಮೇಲ್ಪದರ ಇವೆಲ್ಲ ಸೇರಿ ಹೆಣೆದ ಜಾಲ. ಇಂದ್ರಿಯಗಳಿಂದ ಬರುವ ಸಂವೇದನೆಯೂ ಆ ಜಾಲದಲ್ಲಿ ಕೂಡಿಕೊಂಡಿದೆ. ಆದುದರಿಂದಲೇ ಕತ್ತು ತಿರುಚಿಕೊಂಡ ರೋಗಿ ಗದ್ದಕ್ಕೆ ಬೆರಳನ್ನು ಹಗುರವಾಗಿ ಸೋಕಿಸಿಕೊಂಡೊಡನೆ, ಬಲ ಹಾಕದಿದ್ದರೂ, ಕತ್ತು ಒಂದು ಕ್ಷಣ ನೆಟ್ಟಗಾಗುವುದುಂಟು. ನೋಡುವವರು ಇದನ್ನೇ ಸೋಗಿಗೆ ಸಾಕ್ಷಿಯೆಂದು ತಿಳಿಯುತ್ತಾರೆ. ತಜ್ಞ ವೈದ್ಯನಿಗೆ ಅದು ರೋಗದ ಲಕ್ಷಣ.

ಸಾಮಾನ್ಯ ಎಂ.ಆರ್.ಐ. ಚಿತ್ರ ತೋರಿಸುವುದು ಮಿದುಳಿನ ರಚನೆಯನ್ನು, ಅದರ ವ್ಯಾಪಾರವನ್ನಲ್ಲ. ಅನೇಕ ರೋಗಿಗಳ ಚಿತ್ರಗಳನ್ನು ಆರೋಗ್ಯವಂತರ ಚಿತ್ರಗಳೊಡನೆ ಒಟ್ಟಾಗಿ ತೂಗಿ ನೋಡಿದ ಸಂಶೋಧಕರಿಗೆ ಈ ಜಾಲದ ಭಾಗಗಳ ಗಾತ್ರದಲ್ಲಿ ಸೂಕ್ಷ್ಮ ವ್ಯತ್ಯಾಸಗಳೂ, ಚಟುವಟಿಕೆಯಲ್ಲಿ ಏರುಪೇರುಗಳೂ ಕಂಡಿವೆಯಾದರೂ, ಒಬ್ಬನೇ ರೋಗಿಯ ಚಿತ್ರ ಬಹುಪಾಲು ನಿರ್ದೋಷವಾಗಿಯೇ ಇರುತ್ತದೆ. ‘ರಿಪೋರ್ಟ್ ನಾರ್ಮಲ್’ ಎಂದೊಡನೆ ರೋಗವೇ ಇಲ್ಲವೆಂದು ಮನೆಗೆ ಕಳುಹಿಸುವುದು ಅನ್ಯಾಯವಾಗುವುದು ಇಲ್ಲಿಯೇ. 2017ರಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ, ಎಡಗೈಯ ಬೆರಳುಗಳು ಸೆಟೆದು ವಾದನವನ್ನೇ ಬಿಡಬೇಕಾಗಿ ಬಂದಿದ್ದ ಗಿಟಾರ್ ವಾದಕನೊಬ್ಬ ಎಚ್ಚರದಲ್ಲಿದ್ದು ನುಡಿಸುತ್ತಿದ್ದಂತೆಯೇ ಶಸ್ತ್ರವೈದ್ಯರು ಮಿದುಳಿನ ಆಳದ ಸೂಕ್ಷ್ಮ ಬಿಂದುಗಳನ್ನು ಶಾಖದಿಂದ ಸುಟ್ಟಾಗ, ಆ ಬೆರಳುಗಳು ಅದೇ ಮೇಜಿನ ಮೇಲೆ ಸಡಿಲಗೊಂಡವು. ವೀರೇಶ್ವರ ಪುಣ್ಯಾಶ್ರಮದ ದೆಸೆಯಿಂದ ಸಂಗೀತವನ್ನು ಮನೆಮಾತಾಗಿಸಿಕೊಂಡ ಗದಗ ಸೀಮೆಯವರಿಗೆ ವಾದಕನ ಬೆರಳು ನಿಂತರೆ ಏನು ನಿಂತಂತಾಗುವುದೆಂದು ವಿವರಿಸಬೇಕಾಗಿಲ್ಲ. ಆ ತಡೆ ಮನಸ್ಸಿನಲ್ಲಿಯೂ ಇರಲಿಲ್ಲ, ಬೆರಳಿನಲ್ಲಿಯೂ ಇರಲಿಲ್ಲವೆಂಬುದಕ್ಕೆ ಬೇರೆ ಪ್ರಮಾಣವೂ ಬೇಕಾಗಿಲ್ಲ.

ಈ ವ್ಯಾಧಿಯ ಪ್ರಭೇದಗಳಲ್ಲಿ ಎರಡನ್ನು ಗುರುತಿಸದೆ ಬಿಟ್ಟರೆ ಅದು ಅಕ್ಷಮ್ಯ. ಬೆಳಗ್ಗೆ ನೆಟ್ಟಗೆ ಶಾಲೆಗೆ ಹೋದ ಮಗು ಸಂಜೆ ಕಾಲೆಳೆಯುತ್ತ ಮರಳಿ, ನಿದ್ದೆಯಾದ ಮೇಲೆ ಮತ್ತೆ ಸರಿಯಾಗುತ್ತಿದ್ದರೆ, ಅದು ಜಪಾನಿನ ವೈದ್ಯ ಮಸಾಯ ಸೆಗಾವ ವಿವರಿಸಿದ ಪ್ರಭೇದವಾಗಿರಬಹುದು. ಅಲ್ಲಿ ಮಿದುಳಿನ ರಚನೆ ಕೆಟ್ಟಿರುವುದಿಲ್ಲ, ಡೋಪಮೈನ್ ಎಂಬ ರಾಸಾಯನಿಕದ ತಯಾರಿ ಮಾತ್ರ ಕುಂದಿರುತ್ತದೆ. ಲೆವೊಡೋಪ ಮಾತ್ರೆಯ ಅಲ್ಪ ಪ್ರಮಾಣವೇ ಆ ಮಗುವನ್ನು ಓಡುವಂತೆ ಮಾಡಬಲ್ಲುದು. ಎರಡನೆಯದು ವಿಲ್ಸನ್ ವ್ಯಾಧಿ. ಯಕೃತ್ತು ಹೊರಹಾಕಬೇಕಾದ ತಾಮ್ರ ದೇಹದಲ್ಲಿಯೇ ಶೇಖರವಾಗಿ ಮಿದುಳಿನ ಆಳದ ಭಾಗಗಳನ್ನು ಹಾಳುಗೆಡಹುವ ಈ ರೋಗದಲ್ಲಿ ರಚನೆಯ ಕೇಡು ಎಂ.ಆರ್.ಐ.ಯಲ್ಲಿಯೇ ಕಾಣುತ್ತದೆ, ಎಷ್ಟೋ ರೋಗಿಗಳ ಕಣ್ಣಿನ ಕರಿಗುಡ್ಡೆಯ ಅಂಚಿನಲ್ಲಿ ಕಂದುಬಣ್ಣದ ಬಳೆಯೊಂದು ಮೂಡಿರುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಮೂರು ದಶಕಗಳಲ್ಲಿ ತಾವು ಕಂಡ ಇಂಥ 282 ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದರು. ತಂದೆತಾಯಿಗಳಿಬ್ಬರಿಂದಲೂ ದೋಷಯುಕ್ತ ಜೀನು ಬಂದಾಗಲೇ ತಲೆದೋರುವ ಈ ರೋಗ, ಸೋದರಮಾವನಿಗೂ ಅತ್ತೆಯ ಮಗನಿಗೂ ಹೆಣ್ಣು ಕೊಡುವ ರೂಢಿಯುಳ್ಳ ನಮ್ಮ ಕುಟುಂಬಗಳಲ್ಲಿ ವಿಶೇಷ ಜಾಗರೂಕತೆಯನ್ನು ಬೇಡುತ್ತದೆ. ಒಂದು ಮಗುವಿಗೆ ಬಂದರೆ ಒಡಹುಟ್ಟಿದ ಪ್ರತಿಯೊಬ್ಬರಿಗೂ ನಾಲ್ಕರಲ್ಲೊಂದು ಪಾಲು ಸಂಭವವುಂಟು. ಮಿದುಳು ಕೆಡುವ ಮೊದಲೇ ಕಂಡುಹಿಡಿದರೆ ಪೆನಿಸಿಲಮೈನ್, ಸತುವಿನ ಮಾತ್ರೆಗಳಿಂದ ಬಾಳು ಪೂರ್ತಿ ಉಳಿಯುತ್ತದೆ.

ಆದುದರಿಂದ ನಾವು ಕೇಳತಕ್ಕದ್ದು ದೊಡ್ಡದೇನಲ್ಲ. ಅಂಗ ತಿರುಚುವ ಪ್ರತಿ ಮಗುವಿಗೂ ಗದಗಿನಲ್ಲಿಯೇ ಕಣ್ಣಿನ ಪರೀಕ್ಷೆ, ರಕ್ತ ಮೂತ್ರಗಳ ತಾಮ್ರಪರೀಕ್ಷೆ, ವೈದ್ಯರ ನಿಗಾದಲ್ಲಿ ಲೆವೊಡೋಪ ಪ್ರಯೋಗ ನಿಶ್ಚಿತವಾಗಿ ದೊರೆಯಬೇಕು. ವಯಸ್ಕರಿಗೆ, ಬಿಗಿದ ಸ್ನಾಯುವನ್ನು ಸಡಿಲಿಸುವ ಬೊಟುಲಿನಂ ಚುಚ್ಚುಮದ್ದಿನ ಪರಿಣಾಮ ಸುಮಾರು ಮೂರು ತಿಂಗಳು ಮಾತ್ರ ನಿಲ್ಲುವುದರಿಂದ, ಅದಕ್ಕಾಗಿ ಕೂಲಿಕಾರನೊಬ್ಬ ವರ್ಷಕ್ಕೆ ನಾಲ್ಕು ಸಲ ಬೆಂಗಳೂರಿಗೆ ಹೋಗಿ ಬರುವುದು ಆಗದ ಮಾತು. ಗದಗಿನಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಸರಕಾರಿ ಆಸ್ಪತ್ರೆಯಲ್ಲಿ ಗೊತ್ತಾದ ದಿನದಂದು, ಬಡವನ ಕೈಗೆಟಕುವಂತೆ ಅದು ಸಿಗಬೇಕು. ಶಾಲೆಯ ಮಾಸ್ತರರಿಗೂ ಆಶಾ ಕಾರ್ಯಕರ್ತೆಯರಿಗೂ ಈ ಲಕ್ಷಣಗಳನ್ನು ಒಂದು ದಿನದ ತರಬೇತಿಯಲ್ಲಿ ತಿಳಿಸಿಕೊಡಬಹುದು. ಗುಣವಾಗಬಲ್ಲ ಮಗುವೊಂದು, ಯಾರೂ ಒಂದು ಮಾತ್ರೆ ಕೊಟ್ಟು ನೋಡಲಿಲ್ಲವೆಂಬ ಕಾರಣಕ್ಕಾಗಿಯೇ ಜೀವಮಾನವಿಡೀ ಕಾಲೆಳೆಯುವಂತಾದರೆ ಅದನ್ನು ಹಣೆಬರಹವೆನ್ನಲು ನಮಗೆ ಅಧಿಕಾರವಿಲ್ಲ.