ಗಂಧಕದ ಬ್ಯಾಟರಿ: ಕಲಸಿದ್ದು ಹೇಗೆ?

ಒಂದು ಗ್ರಾಂ ಗಂಧಕಕ್ಕೆ 1,675 ಮಿಲಿಆಂಪ್‌-ಅವರ್! ಲಿಥಿಯಂ-ಗಂಧಕ ಬ್ಯಾಟರಿಯ ಸುದ್ದಿ ಬಂದಾಗಲೆಲ್ಲ ಈ ಅಂಕಿ ಜೊತೆಗೇ ಬರುತ್ತದೆ. ಲೆಕ್ಕವೇನೋ ಸರಿ. ಆದರೆ ಲ್ಯಾಬಿನಲ್ಲಿ ಆ ಗಂಧಕವನ್ನು ಅರೆಯುವುದೇ ಕೆಲಸವಾಗಿರುವ ನನಗೆ, ಎಲೆಕ್ಟ್ರೋಡ್ ಮಾಡಿದ್ದು ಹೇಗೆಂದು ಹೇಳದ ಸುದ್ದಿ ಅರ್ಧ ಸುದ್ದಿ.

ಗಂಧಕದೊಳಗೆ ವಿದ್ಯುತ್ ಹರಿಯುವುದಿಲ್ಲ. ಎಲೆಕ್ಟ್ರಾನ್ ತಲುಪಿಸಲು ಇಂಗಾಲ, ಲಿಥಿಯಂ ಅಯಾನು ತಲುಪಿಸಲು ಎಲೆಕ್ಟ್ರೋಲೈಟ್, ಎರಡೂ ಅದರ ಮೈಗೆ ತಾಗಿರಬೇಕು. ದ್ರವ ಎಲೆಕ್ಟ್ರೋಲೈಟ್ ಸಂದುಗೊಂದಿಗೆ ತಾನೇ ಇಳಿಯುತ್ತದೆ. ನಮ್ಮದು ಘನ ಎಲೆಕ್ಟ್ರೋಲೈಟ್, ಸಲ್ಫೈಡ್ ಪುಡಿ; ಅದನ್ನು ನಾವೇ ಕಲಸಿ ಸೇರಿಸಬೇಕು. ಪುಳಿಯೋಗರೆ ಕಲಸಿದ ಹಾಗೆ: ಗೊಜ್ಜು ಪ್ರತಿ ಅಗುಳಿಗೂ ಹತ್ತಬೇಕು, ಅನ್ನ ಮುದ್ದೆಯಾಗಬಾರದು. ಗುಂಡುಗಳಿಂದ ಅರೆಯುವ ಬಾಲ್ ಮಿಲ್ ಸಾಕಷ್ಟು ತಿರುಗದಿದ್ದರೆ ಗಂಧಕದ ಒಳಭಾಗ ಕೆಲಸಕ್ಕೇ ಬರುವುದಿಲ್ಲ. ಅತಿಯಾದರೆ ಸಲ್ಫೈಡ್ ಎಲೆಕ್ಟ್ರೋಲೈಟಿನ ಹರಳುರಚನೆ ಕೆಟ್ಟು ಅಯಾನುಗಳ ಓಟ ನಿಧಾನವಾಗುತ್ತದೆ. ಇಂಗಾಲ ಹೆಚ್ಚು ಸುರಿದರೂ ತೊಂದರೆಯೇ, ಅದರ ಮೇಲ್ಮೈಯಲ್ಲೇ ಎಲೆಕ್ಟ್ರೋಲೈಟ್ ಕೊಳೆಯತೊಡಗುತ್ತದೆ. ಗಂಧಕ-ಇಂಗಾಲ ಮೊದಲು ಅರೆದು ಆಮೇಲೆ ಎಲೆಕ್ಟ್ರೋಲೈಟ್ ಹಾಕಿದ್ದೋ, ಮೂರನ್ನೂ ಒಟ್ಟಿಗೆ ಹಾಕಿದ್ದೋ? ಸಾಮಾನು ಅದೇ, ಪ್ರಮಾಣ ಅದೇ, ಆದರೂ ಫಲಿತಾಂಶ ಬೇರೆ.

ಲಿಥಿಯಂ-ಅಯಾನ್ ಕಾರ್ಖಾನೆಗಳಲ್ಲಿ ನಡೆಯುವಂತೆ ಎನ್‌ಎಂಪಿ ದ್ರಾವಕದಲ್ಲಿ ಕಲಸಿ ಹಾಳೆಗೆ ಬಳಿಯೋಣವೆಂದರೆ, ಸಲ್ಫೈಡ್ ಅದನ್ನು ತಾಳುವುದಿಲ್ಲ. ತೇವ ಸೋಕಿದರಂತೂ ಕೊಳೆತ ಮೊಟ್ಟೆಯ ನಾತದ ವಿಷಾನಿಲ. ಅದಕ್ಕೇ ಆರ್ಗಾನ್ ತುಂಬಿದ ಗ್ಲೋವ್‌ಬಾಕ್ಸ್. ಟೆಫ್ಲಾನ್ ಎಳೆಗಳಿಂದ ಪುಡಿಯನ್ನು ಹಿಡಿದಿಟ್ಟು ಒಣ ಸ್ಥಿತಿಯಲ್ಲೇ ಹಾಳೆ ಮಾಡುವ ವಿಧಾನದ ಮೇಲೆ ನನಗೆ ಹೆಚ್ಚು ಭರವಸೆ.

ಇನ್ನು ಒತ್ತಡದ ಮಾತು. ಗಂಧಕ ಲಿಥಿಯಂ ಸಲ್ಫೈಡ್ ಆಗುವಾಗ ಸುಮಾರು 80% ಉಬ್ಬುತ್ತದೆ, ಚಾರ್ಜ್ ಆಗುವಾಗ ಕುಗ್ಗುತ್ತದೆ, ಕಷ್ಟಪಟ್ಟು ಕೂಡಿಸಿದ ಸಂಪರ್ಕ ಕಡಿದುಹೋಗುತ್ತದೆ. ಅದನ್ನು ತಡೆಯಲು ಲ್ಯಾಬಿನಲ್ಲಿ ಸೆಲ್ಲನ್ನು ದಪ್ಪ ಬೋಲ್ಟುಗಳಿಂದ ಬಿಗಿದು ಪರೀಕ್ಷಿಸಿ ಬೀಗುತ್ತೇವೆ. ಸ್ಕೂಟರಿನಲ್ಲಿ ಆ ಬೋಲ್ಟುಗಳ ಭಾರ ಹೊರುವವರು ಯಾರು?

ಎಲೆಕ್ಟ್ರೋಡಿನಲ್ಲಿ ಗಂಧಕ 30% ಮಾತ್ರ ಎಂದುಕೊಳ್ಳಿ. ಪೂರ್ತಿ ಕೆಲಸ ಮಾಡಿದರೂ ಮಿಶ್ರಣದ ಗ್ರಾಮಿಗೆ ಸಿಗುವುದು ಸುಮಾರು 500 ಮಿಲಿಆಂಪ್‌-ಅವರ್. ಹಣ ಕೊಡುವ ಸಮಿತಿಗಳು, ಸುದ್ದಿ ಬರೆಯುವವರು ಕೇಳಬೇಕಾದ್ದು ಈ ಅಂಕಿಯನ್ನು. ಜೊತೆಗೆ ಚದರ ಸೆಂಟಿಮೀಟರಿಗೆ ಎಷ್ಟು ಮಿಲಿಗ್ರಾಂ ಗಂಧಕ, ಪರೀಕ್ಷೆಯ ಒತ್ತಡ ಎಷ್ಟು ಎಂಬುದನ್ನೂ ಕೇಳಲಿ. ನಾವು ಸಂಶೋಧಕರೂ ಪ್ರಬಂಧದಲ್ಲಿ ‘ಚೆನ್ನಾಗಿ ಅರೆಯಲಾಯಿತು’ ಎಂದು ತೇಲಿಸುವುದನ್ನು ಬಿಟ್ಟು ಮಿಲ್ಲಿನ ವೇಗ, ಅರೆದ ಹೊತ್ತು, ಗುಂಡುಗಳ ಗಾತ್ರ, ಬೆರೆಸಿದ ಕ್ರಮ ಎಲ್ಲವನ್ನೂ ಬರೆಯಬೇಕು. ಇನ್ನೊಂದು ಲ್ಯಾಬಿನವರು ಅದೇ ಎಲೆಕ್ಟ್ರೋಡ್ ಮಾಡಲು ಹೊರಟಾಗ ಅವರಿಗೆ ಬೇಕಾಗುವುದು ಆ ಸಾಲುಗಳೇ.