ರೈಫಲ್ ಹೊಸದು, ಡ್ರಾಯಿಂಗ್ ಯಾರದ್ದು?

ಗದಗ-ಬೆಟಗೇರಿಯಿಂದ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಗೆ ಹೋಗುವ ಯಾವ ರಸ್ತೆಯಲ್ಲಾದರೂ ನಸುಕಿಗೆ ನಿಂತು ನೋಡಿ. ಸೇನಾ ಭರ್ತಿಗೆ ತಯಾರಿ ನಡೆಸಿರುವ ಹುಡುಗರು ಓಡುತ್ತಿರುತ್ತಾರೆ. 1,600 ಮೀಟರ್ ಓಟ, ಎತ್ತರ, ಎದೆ ಸುತ್ತಳತೆ, ಅಗ್ನಿವೀರರ ನಾಲ್ಕು ವರ್ಷದ ಲೆಕ್ಕ ಎಲ್ಲ ಅವರಿಗೆ ಬಾಯಿಪಾಠ. ಆದರೆ ಆಯ್ಕೆಯಾದ ಮೇಲೆ ಅವರ ಕೈಗೆ ಬರುವ ರೈಫಲ್ ಯಾವುದು, ಅದನ್ನು ಯಾರು ವಿನ್ಯಾಸ ಮಾಡಿದರು, ಅದು ಕೈಕೊಟ್ಟರೆ ಯಾರು ಹೊಣೆ? ಈ ಪ್ರಶ್ನೆಗಳನ್ನು ಅವರೂ ಕೇಳುವುದಿಲ್ಲ, ಅವರ ಪರವಾಗಿ ನಾವೂ ಕೇಳುವುದಿಲ್ಲ.

ಕೇಳಬೇಕು. ಯಾಕಂದ್ರೆ ಕಳೆದ ಹದಿನೈದು ವರ್ಷಗಳಲ್ಲಿ ಭಾರತದ ಪದಾತಿ ಸೈನಿಕನ ರೈಫಲ್ ಕತೆ ಅಷ್ಟು ಗೋಜಲಾಗಿದೆ.

ಮಾಡ್ಯುಲರ್ ಅಂದ್ರೇನು?

ಈಗಿನ ಸೇನಾ ರೈಫಲ್‌ಗಳ ಜಾಹೀರಾತಿನಲ್ಲಿ ಪದೇ ಪದೇ ಕಾಣುವ ಪದ ‘ಮಾಡ್ಯುಲರ್’. ನಮ್ಮ ಎರೆಹೊಲದ ಭಾಷೆಯಲ್ಲಿ ಹೇಳುವುದಾದರೆ ಇದು ಟ್ರ್ಯಾಕ್ಟರ್ ಇದ್ದ ಹಾಗೆ. ಎಂಜಿನ್ ಒಂದೇ. ಹಿಂದಿನ ಕೊಂಡಿಗೆ ಇವತ್ತು ನೇಗಿಲು ಹೂಡಿ, ನಾಳೆ ಕುಂಟೆ, ನಾಡಿದ್ದು ಕೂರಿಗೆ. ಕೊಂಡಿಯ ಅಳತೆ ಎಲ್ಲಕ್ಕೂ ಒಂದೇ ಇರುವುದರಿಂದಲೇ ಇದು ಸಾಧ್ಯ. ಹಾಗೇ ರೈಫಲ್‌ನ ಮೂಲ ಚೌಕಟ್ಟು ಒಂದೇ ಇಟ್ಟುಕೊಂಡು ಬ್ಯಾರೆಲ್ ಗಿಡ್ಡ ಮಾಡಿದರೆ ಕಾರ್ಬೈನ್, ಉದ್ದ ಮಾಡಿ ದೂರದರ್ಶಕ ಕೂರಿಸಿದರೆ ಗುರಿಕಾರನ ರೈಫಲ್. ತರಬೇತಿ ಒಂದೇ, ಬಿಡಿಭಾಗದ ದಾಸ್ತಾನು ಒಂದೇ, ರಿಪೇರಿ ಮಾಡುವವನ ತಲೆನೋವೂ ಒಂದೇ.

ಪೋಲೆಂಡಿನ ‘ಗ್ರಾಟ್’ ಇದಕ್ಕೆ ಒಳ್ಳೆಯ ಉದಾಹರಣೆ. ವಾರ್ಸಾದ ಸೇನಾ ತಾಂತ್ರಿಕ ವಿಶ್ವವಿದ್ಯಾಲಯವೂ ರಾಡೊಮ್‌ನ ಶಸ್ತ್ರ ಕಾರ್ಖಾನೆಯೂ ಸೇರಿ ರೂಪಿಸಿದ ಈ ರೈಫಲ್ 2017ರಲ್ಲಿ ಅಲ್ಲಿನ ಪಡೆಗಳ ಕೈಗೆ ಬಂತು. 2021ರಲ್ಲಿ ಪೋಲಿಷ್ ಮಾಧ್ಯಮ ಅದರ ಮಾನ ಹರಾಜು ಹಾಕಿತು. ಗ್ಯಾಸ್ ರೆಗ್ಯುಲೇಟರ್ ಕಳಚಿ ಬೀಳುತ್ತದೆ ಎಂಬುದೂ ಆ ದೂರುಗಳಲ್ಲಿ ಒಂದು. ದೊಡ್ಡ ಗದ್ದಲವಾಯಿತು. ಆದರೆ ಬಳಸಿದವರ ದೂರುಗಳು ಎ1, ಎ2 ಎಂಬ ಸುಧಾರಿತ ಆವೃತ್ತಿಗಳಲ್ಲಿ ಉತ್ತರ ಪಡೆದವು. 2022ರ ನಂತರ ಅದೇ ರೈಫಲ್ ಉಕ್ರೇನಿನ ಯುದ್ಧಭೂಮಿಗೂ ಹೋಯಿತು.

ನನ್ನೊಳಗಿನ ಎಂಜಿನಿಯರ್‌ಗೆ ಇಲ್ಲಿ ಮುಖ್ಯವಾಗಿ ಕಾಣುವುದು ಬಿಚ್ಚಿ ಜೋಡಿಸುವ ಸೌಲಭ್ಯವಲ್ಲ. ಸೈನಿಕನ ದೂರು ಕಾರ್ಖಾನೆ ತಲುಪಿ, ಡ್ರಾಯಿಂಗ್ ತಿದ್ದುಪಡಿಯಾಗಿ, ಹೊಸ ಭಾಗ ಅವನ ಕೈಗೇ ವಾಪಸ್ ಬರುವ ಆ ದಾರಿ. ಡ್ರಾಯಿಂಗ್ ನಿಮ್ಮದಾಗಿದ್ದರೆ ಮಾತ್ರ ಆ ದಾರಿ ತೆರೆದಿರುತ್ತದೆ.

ನಾವು ಮಾಡಿದ್ದೇನು?

1999ರ ಕಾರ್ಗಿಲ್ ಚಳಿಯಲ್ಲಿ ನಮ್ಮದೇ ಇನ್ಸಾಸ್ ರೈಫಲ್‌ಗಳ ಮ್ಯಾಗಜಿನ್ ಬಿರುಕು ಬಿಡುತ್ತಿದೆ, ಗುಂಡು ಸಿಕ್ಕಿಹಾಕಿಕೊಳ್ಳುತ್ತಿದೆ ಎಂಬ ದೂರು ಬಂತು. ಡ್ರಾಯಿಂಗ್ ನಮ್ಮದೇ ಇತ್ತು. ಆದರೂ ಸೈನಿಕನ ನಂಬಿಕೆ ಮರಳಿ ಗಳಿಸುವಷ್ಟು ಬೇಗ ಅದನ್ನು ತಿದ್ದಲಿಲ್ಲ.

2011ರಲ್ಲಿ ಸೇನೆ ನೇರ ಇನ್ನೊಂದು ತುದಿಗೆ ಜಿಗಿಯಿತು. ಬ್ಯಾರೆಲ್ ಬದಲಿಸಿದರೆ 5.56 ಮಿ.ಮೀ. ಗುಂಡನ್ನೂ ಎಕೆ ಮಾದರಿಯ 7.62 ಮಿ.ಮೀ. ಗುಂಡನ್ನೂ ಹಾರಿಸಬಲ್ಲ ಸುಮಾರು 66,000 ರೈಫಲ್‌ಗಳಿಗೆ ಟೆಂಡರ್ ಕರೆಯಿತು. 2015ರಲ್ಲಿ ಆ ಟೆಂಡರ್ ರದ್ದಾಯಿತು. ಪುಣೆಯ ಡಿಆರ್‌ಡಿಒ ಪ್ರಯೋಗಾಲಯ ತಯಾರಿಸಿದ್ದ ಬಹು ಗುಂಡಿನ ಮಾದರಿಯೂ ಸೇನೆಯ ಕೈ ಸೇರಲಿಲ್ಲ.

ಆಮೇಲೆ ಶುರುವಾಗಿದ್ದು ತುರ್ತು ಖರೀದಿ. 2019ರ ಫೆಬ್ರವರಿಯಲ್ಲಿ ಅಮೆರಿಕದ ಸಿಗ್ ಸಾವರ್‌ನಿಂದ 72,400 ರೈಫಲ್, 2024ರಲ್ಲಿ ಮತ್ತೆ 73,000. ಇವಕ್ಕೆ ಬೇಕಾದ್ದು 7.62×51 ಗುಂಡು. ಇತ್ತ 2019ರ ಮಾರ್ಚ್‌ನಲ್ಲಿ ಅಮೇಠಿ ಬಳಿಯ ಕೊರ್ವಾದಲ್ಲಿ ಎಕೆ-203 ಕಾರ್ಖಾನೆಯನ್ನು ಪ್ರಧಾನಿ ಲೋಕಾರ್ಪಣೆ ಮಾಡಿದರು. 6,01,427 ರೈಫಲ್‌ಗಳ ಒಪ್ಪಂದಕ್ಕೆ ಸಹಿ ಬಿದ್ದದ್ದು ಮಾತ್ರ 2021ರ ಡಿಸೆಂಬರ್‌ನಲ್ಲಿ. 2024ರ ಜುಲೈಗೆ ಕೊಟ್ಟಿದ್ದು 35,000 ಎಂದು ರಷ್ಯಾದ ರೋಸ್ಟೆಕ್ ಹೇಳಿತು. ಇವಕ್ಕೆ ಬೇಕಾದ್ದು 7.62×39 ಗುಂಡು. ಹಳೆಯ ಇನ್ಸಾಸ್‌ಗೆ 5.56. ಹೆಸರಿಗೆ ಎರಡು ‘7.62’ ಇದ್ದರೂ ಒಂದರ ಗುಂಡು ಇನ್ನೊಂದಕ್ಕೆ ಕೂರುವುದಿಲ್ಲ.

ಅಂದ್ರೆ, ಒಂದೇ ರೈಫಲ್ ಎಲ್ಲ ಕೆಲಸ ಮಾಡಲಿ ಅಂತ ಹೊರಟ ನಾವು ಮೂರು ರೈಫಲ್, ಮೂರು ಗುಂಡು, ಮೂರು ಬಗೆಯ ಬಿಡಿಭಾಗಕ್ಕೆ ಬಂದು ನಿಂತೆವು. ಎಕೆ-203 ಗಟ್ಟಿ ರೈಫಲ್, ಅದರಲ್ಲಿ ಅನುಮಾನವಿಲ್ಲ. ‘ಮೇಕ್ ಇನ್ ಇಂಡಿಯಾ’ ಮುದ್ರೆಯೂ ಸುಳ್ಳಲ್ಲ. ಆದರೆ ಅದರ ವಿನ್ಯಾಸ ಕಲಾಶ್ನಿಕೋವ್ ಕಂಪನಿಯದ್ದು. ತಯಾರಿಸುವುದು ಒಂದು, ತಿದ್ದುವ ಅಧಿಕಾರ ಇನ್ನೊಂದು.

ಬೆಂಗಳೂರಿನಲ್ಲೇ ಒಂದು ಉತ್ತರ

ಇದೇ ಹೊತ್ತಿಗೆ ಬೆಂಗಳೂರಿನ ಎಸ್‌ಎಸ್‌ಎಸ್ ಡಿಫೆನ್ಸ್ ‘ಪಿ-72’ ಎಂಬ ಮಾಡ್ಯುಲರ್ ರೈಫಲ್ ಕುಟುಂಬವನ್ನು ಸ್ವಂತವಾಗಿ ವಿನ್ಯಾಸ ಮಾಡಿತು. ಇದರ ಮಾತೃ ಸಂಸ್ಥೆ ಸ್ಟಂಪ್ ಶೂಲೆ ಆ್ಯಂಡ್ ಸೋಮಪ್ಪ, ದಶಕಗಳಿಂದ ಸ್ಪ್ರಿಂಗ್ ಮಾಡುತ್ತಾ ಬಂದ ಮನೆತನ. ರೈಫಲ್ ನಿಂತಿರುವುದೇ ಸ್ಪ್ರಿಂಗ್‌ಗಳ ಮೇಲೆ: ಬೋಲ್ಟ್ ವಾಪಸ್ ತಳ್ಳುವುದೂ, ಮ್ಯಾಗಜಿನ್‌ನಿಂದ ಗುಂಡು ಮೇಲೆತ್ತುವುದೂ ಅವೇ. ಆದರೂ ಲಕ್ಷಗಟ್ಟಲೆ ರೈಫಲ್‌ಗಳ ಆರ್ಡರ್ ಹೋಗಿದ್ದು ಬೇರೆ ಕಡೆಗೆ.

ಹಾಗಂತ ಖಾಸಗಿ ಕಂಪನಿಗೆ ಕಣ್ಣು ಮುಚ್ಚಿ ಕೊಟ್ಟುಬಿಡಿ ಅನ್ನುತ್ತಿಲ್ಲ. ಇದೇ ಕಂಪನಿಯ ಸ್ನೈಪರ್ ರೈಫಲ್‌ಗಳು ‘ಮಿತ್ರ ರಾಷ್ಟ್ರ’ವೊಂದಕ್ಕೆ ರಫ್ತಾಗುತ್ತಿವೆ ಎಂದು 2024ರಲ್ಲಿ ಸುದ್ದಿಯಾಯಿತು. ಯಾವ ರಾಷ್ಟ್ರ ಅಂತ ಆ ಸುದ್ದಿಯಲ್ಲಿ ಇರಲಿಲ್ಲ. ಕರ್ನಾಟಕದಲ್ಲಿ ತಯಾರಾದ ಬಂದೂಕು ಯಾರ ಮೇಲೆ ಗುರಿ ಹಿಡಿಯುತ್ತದೆ ಎಂದು ಕೇಳುವುದು ದೇಶದ್ರೋಹವಲ್ಲ, ಪ್ರಜೆಯ ಕೆಲಸ. ಅದರಲ್ಲೂ ನಮ್ಮ ಸೀಮೆಯವರಿಗೆ ಇದು ಹೊಸ ಪ್ರಶ್ನೆಯಲ್ಲ. 1857ರಲ್ಲಿ ಬ್ರಿಟಿಷರ ನಿಶ್ಶಸ್ತ್ರೀಕರಣ ಕಾಯ್ದೆಯ ವಿರುದ್ಧ ಹಲಗಲಿ ಬೇಡರು ಎದ್ದರು. 1858ರಲ್ಲಿ ಮುಂಡರಗಿ ಭೀಮರಾಯ ಬಂಡೆದ್ದು ಕೊಪ್ಪಳದ ಕೋಟೆಯಲ್ಲಿ ಪ್ರಾಣ ಕೊಟ್ಟ. ಆಯುಧದ ಮೇಲಿನ ಅಧಿಕಾರ ಯಾರದ್ದು ಎಂಬುದು ಇಲ್ಲಿ ಆಗಲೇ ರಾಜಕೀಯ ಪ್ರಶ್ನೆಯಾಗಿತ್ತು.

ಕೇಳಬೇಕಾದದ್ದು

ನನ್ನ ವಾದ ಇಷ್ಟೇ. ಮುಂದಿನ ಪ್ರತಿ ರೈಫಲ್ ಒಪ್ಪಂದ ಬಂದಾಗ ಎಷ್ಟು ಕೋಟಿ, ಎಷ್ಟು ಲಕ್ಷ ಎಂಬಲ್ಲಿಗೇ ಚರ್ಚೆ ಮುಗಿಯಬಾರದು. ವಿನ್ಯಾಸ ತಿದ್ದುವ ಹಕ್ಕು ಯಾರ ಬಳಿ ಇದೆ? ಇರುವ ಗುಂಡಿನ ದಾಸ್ತಾನಿಗೆ ಅದು ಹೊಂದುತ್ತದೆಯೇ? ಸೈನಿಕನ ದೂರು ದಾಖಲಾದ ಮೇಲೆ ಎಷ್ಟು ತಿಂಗಳಲ್ಲಿ ಸರಿಹೋಗಬೇಕು ಎಂಬ ಷರತ್ತು ಒಪ್ಪಂದದಲ್ಲಿದೆಯೇ? ನಮ್ಮ ಸಂಸದರು ಲೋಕಸಭೆಯಲ್ಲಿ ಕೇಳಬಹುದಾದ ಸರಳ ಪ್ರಶ್ನೆಗಳು ಇವು.

ಇನ್ನೂ ಒಂದಿದೆ. ಒಂದು ಆಯುಧದ ಹುಳುಕು ಗೊತ್ತಾಗುವುದು ಅದರ ಜೊತೆ ವರ್ಷಗಟ್ಟಲೆ ಬದುಕಿದವನಿಗೆ. ಅಗ್ನಿಪಥದಲ್ಲಿ ನಾಲ್ಕು ವರ್ಷಕ್ಕೆ ನೂರಕ್ಕೆ 25 ಮಂದಿಯವರೆಗೆ ಮಾತ್ರ ಉಳಿಯುತ್ತಾರೆ. ಉಳಿದವರ ಜೊತೆ ಅವರ ಅನುಭವವೂ ಮನೆಗೆ ಬರುತ್ತದೆ. ಆ ಅನುಭವವನ್ನು ಹೊರಡುವ ಮುನ್ನವೇ ಬರೆದಿಟ್ಟುಕೊಳ್ಳುವ ವ್ಯವಸ್ಥೆ ಬೇಕು. ಶಿರಹಟ್ಟಿಗೆ ವಾಪಸ್ ಬಂದ 22ರ ಹುಡುಗನಿಗೆ ಆ ರೈಫಲ್‌ನ ಬಗ್ಗೆ ಗೊತ್ತಿರುವಷ್ಟು, ಅದನ್ನು ಖರೀದಿಸಿದ ಕಚೇರಿಗೆ ಗೊತ್ತಿರುವುದಿಲ್ಲ.